ಇಪ್ಪತ್ಮೂರನೇ ನಂಬರಿನ ಅಂಗಿ

ಅಕ್ಷರಕ್ಕೆ ಏಳು ಸೆಂಟು.
ಬಿಚ್ಚುವುದಕ್ಕೆ ಏನೂ ಇಲ್ಲ.
ಇದು ಒಪ್ಪಂದ. ಕಾಗದದ ಗಿರಣಿಯ ಹೊಗೆ
ಕಿಟಕಿಗೇ ಬಂದು ಕೂತಿದ್ದ ನವೆಂಬರಿನಲ್ಲಿ
ಮ್ಯಾನೇಜರು ಚುಟ್ಟಾ ಕಚ್ಚಿಕೊಂಡೇ ಹೇಳಿದ್ದು.

ಸ್ಟರ್ಜನ್ಸ್ ತಂಡ. ಎದೆಯ ಮೇಲೆ ಮೀನು, ಬೆನ್ನ ಮೇಲೆ ಹೆಸರು.
ಮೀನು ಕಾಯಂ. ಹೆಸರು ಹಾಗಲ್ಲ.

ನಾನು ಆಟ ನೋಡಿದವಳಲ್ಲ.
ಗ್ಯಾಲರಿಯ ಕೆಳಗೆ, ಬಾಯ್ಲರಿನ ಪಕ್ಕದ ಕೋಣೆಯಲ್ಲಿ
ಹೊಲಿಗೆ ಮಿಷನ್ನು, ಬಿಸ್ಕತ್ತಿನ ಡಬ್ಬದ ತುಂಬ ಅಕ್ಷರ.
ತಲೆಯ ಮೇಲೆ ಎರಡು ಸಾವಿರ ಬೂಟು ಕುಣಿದರೆ ಗೋಲು ನಮ್ಮದು,
ಸದ್ದಡಗಿದರೆ ಅವರದು.
ನನಗೆ ಗೊತ್ತಿದ್ದ ಹಾಕಿ ಅಷ್ಟೇ.

ಊರು ಮರೆಯದವರ ಮಾತು ಬಿಡಿ.
ಮೆಕ್ಲೆಲನ್ನನ ಅಂಗಿ ಗಾಜಿನ ಹಿಂದೆ ದೀಪ ಹಚ್ಚಿಸಿಕೊಂಡು ನಿಂತಿದೆ,
ಅವನಿಗೆ ನನ್ನ ನೆನಪು ಬೇಕಿಲ್ಲ.
ನನ್ನ ಬೆರಳಿಗೆ ಮತ್ತೆ ಮತ್ತೆ ಸಿಗುವುದು ಇಪ್ಪತ್ಮೂರು.
ಒಂದೇ ಚಳಿಗಾಲ, ಒಂದೇ ಅಂಗಿ, ಐದು ಬೆನ್ನು.

ಗೊದಾಂ, ಎರಡು ಆಟ. ಅವನ ಬೆವರಿಗೂ ಹಿಟ್ಟಿನ ವಾಸನೆ.
ಅಪ್ಪನ ಬೇಕರಿಗೆ ವಾಪಸಾದ, ನಿಮಗೊಂದು ಬ್ರೆಡ್ಡು ಕಳಿಸುವೆ ಎಂದ,
ನಿಜಕ್ಕೂ ಕಳಿಸಿದ, ಬೂಸ್ಟು ಬಂದಿತ್ತು,
ಕೆರೆದು ತಿಂದೆ.
ವಿಕ್, ನಾಲ್ಕೇ ಅಕ್ಷರ, ಇಪ್ಪತ್ತೆಂಟು ಸೆಂಟು, ನನಗೆ ಬರೀ ನಷ್ಟ.
ಮೂರನೆಯವನ ಹೆಸರು ಹೋಯಿತು. ಅದರಲ್ಲೊಂದು ಝೆಡ್ ಇತ್ತು,
ಹೊಸದಾಗಿ ಕತ್ತರಿಸಿದೆ, ಆ ಝೆಡ್ ಇನ್ನೂ ಇದೆ.
ನಾಲ್ಕನೆಯವನು ಹಿಮಗಾಳಿಯಲ್ಲಿ ರಾತ್ರಿ ರೈಲಿಗೆ ಬಂದ,
ನಾನು ಕೊನೆಯ ನೂಲು ಕಡಿಯುವಷ್ಟರಲ್ಲಿ ಬೆಳಗಿನ ರೈಲಿಗೆ ಹೋಗಿಯಾಗಿತ್ತು.
ಮುಖ ಕಂಡಿಲ್ಲ. ಆದರೂ ಆರಕ್ಷರದ ದುಡ್ಡು ಇಸಿದುಕೊಂಡೆ.

ಆಮೇಲೆ ರೈನೊ ಕಲ್ಲಿಯೊನಿಯೆಮಿ.
ಹನ್ನೊಂದು ಅಕ್ಷರ! ಎಪ್ಪತ್ತೇಳು ಸೆಂಟು!
ಡಬ್ಬ ಬೋರಲು ಹಾಕಿ ಹುಡುಕಿದರೆ ಎಲ್ ಒಂದೇ.
ಉಳಿದವನ್ನು ಮೆಕ್ಲೆಲನ್ ಒಬ್ಬನೇ ಮೂರು ನುಂಗಿ ಕೂತಿದ್ದ.
ರಾತ್ರಿ ಹನ್ನೊಂದು, ಕಣ್ಣು ಉರಿ, ಫೆಲ್ಟು ಮುಗಿದಿತ್ತು.
ಒಂದೇ ಎಲ್ ಹಾಕಿ, ಸಂದು ಕಾಣದಂತೆ ಮಿಕ್ಕವನ್ನು ಜರುಗಿಸಿ ಹೊಲಿದೆ.
ಹೊಲಿದದ್ದು ಹತ್ತು, ಲೆಕ್ಕ ಬರೆಸಿದ್ದು ಹನ್ನೊಂದು.

ಮೊದಲ ಆಟ ಮುಗಿಸಿ ಬಾಗಿಲಲ್ಲಿ ನಿಂತ,
ಹಲ್ಲಿನ ಸಂದಿಯಲ್ಲಿ ರಕ್ತ, ಕೈಯಲ್ಲಿ ಅಂಗಿ.
'ನಮ್ಮ ಮಾತಲ್ಲಿ ಕಲ್ಲಿಯೊ ಅಂದರೆ ಬಂಡೆ, ಅಮ್ಮಾ,
ಅದರಲ್ಲಿ ಒಂದು ಚೂರು ಉದುರಿದೆ.'
ನಾಳೆ ಕೊಡು, ಎಂದೆ.
ನಾಳೆ ಬಸ್ಸಿತ್ತು. ಆಚೆ ನಾಳೆ ಜ್ವರವಿತ್ತು, ನನಗೆ.
ನಾಲ್ಕು ಆಟ. ಗೋಲಿಲ್ಲ. ಎರಡು ನಿಮಿಷದ ಶಿಕ್ಷೆ ಒಂದು.
ಐದನೆಯ ದಿನ ಅಂಗಿ ಮಾತ್ರ ನನ್ನ ಮೇಜಿಗೆ ಬಂತು.
ಬಿಚ್ಚಿದೆ.
ಬಿಚ್ಚುವುದಕ್ಕೆ ಏನೂ ಇಲ್ಲ.

ತಂಡ ಮುಳುಗಿದ ವರ್ಷ ಸಂಬಳದ ಬದಲು ಸಿಕ್ಕಿದ ಗಂಟಿನಲ್ಲಿ
ಅದೂ ನನ್ನ ಮನೆಗೆ ಬಂತು, ನುಸಿಗುಳಿಗೆಯ ಜೊತೆ ಮಲಗಿತ್ತು.

ಹೋದ ಮಂಗಳವಾರ ಅವನ ಮಗಳು ಬಂದಿದ್ದಳು,
ತೀರಿಹೋಗಿ ಆರು ವಾರವಂತೆ.
ಫೋಟೋ ಇದೆಯಾ? ಇಲ್ಲ.
ಚೆನ್ನಾಗಿ ಆಡುತ್ತಿದ್ದರಾ?
ನಾನು ಕೆಳಗಿರುತ್ತಿದ್ದೆ, ಮಗಳೇ.

ಅಂಗಿಯನ್ನು ಕಿಟಕಿಗೆ ಹಿಡಿದೆ.
ಐದು ಹೆಸರಿನ ಸೂಜಿಗಣ್ಣುಗಳಿಂದ ಬೆಳಕು ಒಟ್ಟಿಗೇ ಸೋರಿತು,
ಇರುವೆ ಸಾಲು ಚೆದರಿದ ಹಾಗೆ.
ನನಗೆ ಏನೂ ಓದಲಾಗಲಿಲ್ಲ.
ಅವಳು ಬೆರಳಿಟ್ಟುಕೊಂಡು ಹೋದಳು, ಮೆಲ್ಲಗೆ, ತುಟಿಯಾಡಿಸುತ್ತ,
ಕೊನೆಯ ತನಕ ಹೋದಳು.

'ಸರಿಯಾಗಿದೆ' ಎಂದಳು. 'ನಮ್ಮದೇ.'
ಪರ್ಸಿನಿಂದ ಲೈಸೆನ್ಸು ತೆಗೆದು ತೋರಿಸಿದಳು.
ಕಲಿಯೊನಿಯೆಮಿ.
ಒಂದೇ ಎಲ್.
ಅಪ್ಪ ಯಾವಾಗಲೂ ಹೀಗೇ ಬರೆಯುತ್ತಿದ್ದದ್ದು, ಎಂದಳು,
ಗಿರಣಿಯ ಹಾಜರಿಯಲ್ಲಿ, ಮದುವೆ ರಿಜಿಸ್ಟರಿನಲ್ಲಿ,
ಈಗ ಕಲ್ಲಿನ ಮೇಲೂ.

ಟೀ ಆರುತ್ತಿತ್ತು.
ಇನ್ನೊಂದು ಬಿಸ್ಕತ್ತು ತಗೋ, ಎಂದೆ.
ಎಂದ ಮೇಲೆ ನೆನಪಾಯಿತು, ಆ ಡಬ್ಬದಲ್ಲಿ ಬಿಸ್ಕತ್ತಿಲ್ಲ,
ಈಗ ಅದರ ತುಂಬ
ಎಷ್ಟೊಂದು ಎಲ್.